ಕೌದಿ ಹೊದ್ದ ಕೋಣೆ

ಶಿವಬಸಮ್ಮನಿಗೆ ಸಂಶಯ ಹತ್ತಿದ್ದು ಗಂಡ ಒಳಕೋಣೆಯ ಫ್ಯಾನು ಬಿಚ್ಚಿದ ದಿನ. ಎಂಬತ್ತಾರನೇ ಇಸವಿಯ ಬೇಸಿಗೆ, ಅದೂ ಮಾನ್ವಿಯ ಬೇಸಿಗೆ. ಹೊತ್ತೇರಿದರೆ ಓಣಿಯ ನಾಯಿಗಳು ಕೂಡ ಬಿಸಿಲಿಗೆ ಮುಖ ಕೊಡುತ್ತಿರಲಿಲ್ಲ. ಅಂಥದರಲ್ಲಿ ತಲೆ ನೆಟ್ಟಗಿರುವ ಗಂಡಸು ಯಾವನಾದರೂ ತಿರುಗುವ ಫ್ಯಾನನ್ನು ಇಳಿಸಿ ಮೂಲೆಗಿಡುತ್ತಾನೆಯೇ? ಜಂಬಣ್ಣ ಇಟ್ಟ. ಸ್ಟೂಲು ಹತ್ತಿ, ಹಲ್ಲಿನಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಬೆವರು ಸುರಿಸುತ್ತ ಬಿಚ್ಚಿ ಇಟ್ಟ.

"ಯಾಕ್ರೀ ಅದನ್ನ ಬಿಚ್ಚಾಕತ್ತೀರಿ?"

"ಸಪ್ಪಳ ಮಾಡ್ತದ."

"ಮಾಡಿದ್ರ ಮಾಡ್ಲಿ. ಗಾಳಿ ಬರ್ತದಲ್ಲ?"

"ನಿನಗ ತಿಳಿಯಂಗಿಲ್ಲ, ಸುಮ್ಮಿರು."

ಈ 'ನಿನಗ ತಿಳಿಯಂಗಿಲ್ಲ' ಅನ್ನುವ ಮಾತನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಗಂಡಸರ ಅರ್ಧ ಸಂಸಾರ ಅದರ ಮೇಲೇ ನಡೆದಿದೆ. ಶಿವಬಸಮ್ಮ ಸುಮ್ಮನಾದಳು. ಆದರೆ ಸುಮ್ಮನಾದ ಹೆಂಗಸು ಯೋಚನೆ ಮಾಡುತ್ತಾಳೆ ಅನ್ನುವುದು ಜಂಬಣ್ಣನಿಗೆ ಯಾವತ್ತೂ ಹೊಳೆದಿರಲಿಲ್ಲ.

ಜಂಬಣ್ಣನದು ಬಸ್‌ಸ್ಟ್ಯಾಂಡಿನ ಎದುರು ಒಂದು ಫೋಟೋ ಅಂಗಡಿ. ಅರ್ಜಿಗೆ ಹಚ್ಚುವ ಫೋಟೋ, ಹೊಸ ಜೋಡಿಯ ಫೋಟೋ, ತೀರಿಹೋದವರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸುವುದು, ಇಷ್ಟರಲ್ಲೇ ಸಂಸಾರ ಸಾಗಿತ್ತು. ಆದರೆ ಕಾಲುವೆ ನೀರಿನ ಪುಣ್ಯದಿಂದ ಊರಲ್ಲಿ ಅಕ್ಕಿ ಗಿರಣಿಗಳು ಎದ್ದವು. ಗಿರಣಿ ಸಾಹುಕಾರರ ಲಗ್ನಗಳಿಗೆ ಈಗ ಬರೀ ಫೋಟೋ ಸಾಲುತ್ತಿರಲಿಲ್ಲ, ರಾಯಚೂರಿನಿಂದ ವಿಡಿಯೋದವರು ಬರಬೇಕು. ತನ್ನೂರ ಅನ್ನವನ್ನು ರಾಯಚೂರಿನವರು ಬಂದು ಉಂಡು ಹೋಗುವುದನ್ನು ನೋಡಿ ನೋಡಿ ಜಂಬಣ್ಣನ ಹೊಟ್ಟೆ ಉರಿದಿತ್ತು. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಅಮೀರ್ ಸಾಬ್ ರಜೆಗೆ ಬರುವಾಗ ಒಂದು ಹಳೆಯ ವಿಡಿಯೋ ಕ್ಯಾಮೆರಾ ತಂದಿದ್ದ. ಜಂಬಣ್ಣ ಅವನ ಬೆನ್ನು ಹತ್ತಿ, ಗೋಗರೆದು, ಕ್ಯಾಮೆರಾವನ್ನೂ ಅದರ ರೆಕಾರ್ಡರ್ ಪೆಟ್ಟಿಗೆಯನ್ನೂ ಕೊಂಡುಕೊಂಡ. ಇನ್ನೊಂದು ಅಂಗಡಿ ಹಿಡಿಯುವ ತಾಕತ್ತಿರಲಿಲ್ಲ.

"ಮನ್ಯಾಗ ಒಂದು ವಿಡಿಯೋ ಸ್ಟುಡಿಯೋ ಮಾಡ್ತೀನಿ. ಒಳಕೋಣಿ ಖಾಲೀನೇ ಅದಲ್ಲ" ಅಂದ.

ಒಳಕೋಣೆ ಯಾಕೆ ಖಾಲಿ ಇದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅದು ಬಾಣಂತನದ ಕೋಣೆ. ಮನೆ ಕಟ್ಟಿದಾಗ ಜಂಬಣ್ಣನ ತಂದೆ ಗಾಳಿ ಬೀಸದ ಮೂಲೆ ನೋಡಿ, ಹಿಂದಿನ ಸಂದಿಗೆ ಒಂದು ಬಾಗಿಲಿಟ್ಟು ಕಟ್ಟಿಸಿದ್ದ. ಲಗ್ನವಾಗಿ ಎಂಟು ವರ್ಷವಾದರೂ ಶಿವಬಸಮ್ಮ ಆ ಕೋಣೆಯಲ್ಲಿ ಮಲಗುವ ಕಾಲ ಬಂದಿರಲಿಲ್ಲ. ಯುಗಾದಿಗೆ ದೇವದುರ್ಗಕ್ಕೆ ಹೋದಾಗ ಅತ್ತೆ ಬಸವಂತಮ್ಮ, ಸೊಸೆಗೆ ಹೋಳಿಗೆ ಬಡಿಸುತ್ತಲೇ ಬಾಯಿ ತೆರೆದಿದ್ದಳು.

"ಮನಿ ಅಂದ್ರ ಕೂಸಿನ ಅಳು ಕೇಳಬೇಕವ್ವಾ. ಇನ್ನೊಬ್ಬಾಕಿನ್ನ ತಂದ್ರ ನೀ ಏನು ಬ್ಯಾಡ ಅಂತೀಯೇನು? ನಿನ್ನನ್ನೇನು ಹೊರಗ ಹಾಕಂಗಿಲ್ಲ. ಮನ್ಯಾಗೇ ಇರು."

ಅವರ ಮಂದಿಯಲ್ಲಿ ಒಂದು ಕಟ್ಟಳೆ. ಎರಡನೆಯವಳನ್ನು ತರಬೇಕಾದರೆ ಮೊದಲನೆಯವಳು ನಾಲ್ಕು ಮಂದಿ ಹಿರಿಯರ ಮುಂದೆ ಬಾಯಿಬಿಟ್ಟು ಹೂಂ ಅನ್ನಬೇಕು, ತಾನೇ ಕೈಯಾರೆ ಹೊಸಬಳ ಉಡಿ ತುಂಬಬೇಕು. ಕಾಯಿದೆಯಲ್ಲಿ ಇದು ತಪ್ಪು ಅಂತ ಎಲ್ಲರಿಗೂ ಗೊತ್ತು, ಆದರೆ ಕಾಯಿದೆ ಬಸ್ಸು ಹತ್ತಿ ದೇವದುರ್ಗಕ್ಕೆ ಬರುತ್ತಿರಲಿಲ್ಲ. ಶಿವಬಸಮ್ಮನ ಸೋದರತ್ತೆಯೊಬ್ಬಳು ಹೀಗೆಯೇ ಹೂಂ ಅಂದಿದ್ದಳು. ಅಂದು ಉಡಿ ತುಂಬಿದ ಕೈ ಮುಂದೆ ಸಾಯುವತನಕ ಹೊಸಬಳ ಮಕ್ಕಳ ಅರಿವೆ ಒಗೆಯಿತು. ಶಿವಬಸಮ್ಮ ಅದನ್ನು ಕಣ್ಣಾರೆ ಕಂಡವಳು. ಅತ್ತೆಗೆ ಅವಳು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಅರ್ಧ ತಿಂದ ಹೋಳಿಗೆ ಬಿಟ್ಟು, ನೀರು ಕುಡಿದು ಎದ್ದಿದ್ದಳು.

ಇಂಥವಳ ಮನೆಯಲ್ಲಿ ಒಂದು ಕೋಣೆ ಸಿಂಗಾರವಾಗತೊಡಗಿದರೆ ಅವಳು ಏನು ತಿಳಿಯಬೇಕು, ನೀವೇ ಹೇಳಿ.

ಫ್ಯಾನು ಬಿಚ್ಚಿದ ಮೇಲೆ ಜಂಬಣ್ಣ ಕಿಟಕಿಗೆ ಕೈ ಹಚ್ಚಿದ. ಗಿರಣಿಯಿಂದ ಗೋಣಿಚೀಲ ತಂದು, ಭತ್ತದ ಹೊಟ್ಟು ತುಂಬಿ, ಕಿಟಕಿಗೆ ಅಡ್ಡ ಒಟ್ಟಿದ. ಒಂದು ಕೂದಲೆಳೆ ಬೆಳಕು ಬರಬಾರದು, ಹೊರಗಿನ ಸಪ್ಪಳ ಒಳಗೆ ಕೇಳಬಾರದು ಅಂದ. ಒಳಗಿನದು ಹೊರಗೆ ಕೇಳಬಾರದು ಅಂತಲೋ ಏನೋ ಅಂದುಕೊಂಡಳು ಶಿವಬಸಮ್ಮ. ಆಮೇಲೆ ಮನೆಯಲ್ಲಿದ್ದ ಕೌದಿಗಳೆಲ್ಲ ಒಂದೊಂದಾಗಿ ಒಳಗೆ ಹೋದವು. ಅವಳ ಅವ್ವ ಹಳೆ ಸೀರೆಗಳನ್ನು ಜೋಡಿಸಿ, ಕಣ್ಣು ಹೋಗುವತನಕ ಹೊಲಿದು ಲಗ್ನಕ್ಕೆ ಕೊಟ್ಟ ಕೌದಿಯೂ ಹೋಯಿತು. ಗೋಡೆಗೆ ಮೊಳೆ ಹೊಡೆದು ನಾಲ್ಕೂ ಕಡೆ ತೂಗುಹಾಕಿದ.

"ಗ್ವಾಡಿಗೇನು ಥಂಡಿ ಹತ್ತೇದೇನ್ರೀ, ಕೌದಿ ಹೊಚ್ಚಾಕತ್ತೀರಿ?"

"ಖಾಲಿ ಗ್ವಾಡಿ ಇದ್ರ ದನಿ ಗೂಂ ಅಂತದ. ಮೆತ್ತಗ ಕೇಳಬೇಕು."

ಮೆತ್ತಗೆ ಕೇಳಬೇಕಂತೆ! ಯಾರ ದನಿ? ಅವಳು ಒಲೆಯ ಮುಂದೆ ಕೂತು ಆ ಮಾತನ್ನು ತಿರುವಿ ತಿರುವಿ ಹಾಕಿದಳು, ರೊಟ್ಟಿ ಸೀದುಹೋಯಿತು.

ರಾಯಚೂರಿಗೆ ಹೋಗಿ ಬಂದ ದಿನ ಜಂಬಣ್ಣನ ಚೀಲ ಉಬ್ಬಿತ್ತು. ಅವನು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಶಿವಬಸಮ್ಮ ಬಗ್ಗಿ ನೋಡಿದಳು. ನೀಲಿ ಪರದೆಯ ಅರಿವೆ, ಬಲ್ಬುಗಳು, ವೈರು. ಅದೇನೋ ಸರಿ. ಅದರ ಕೆಳಗೆ ಒಂದು ಕನ್ನಡಿ, ಬಾಚಣಿಕೆ, ಮುಖದ ಪೌಡರಿನ ಡಬ್ಬಿ, ಹಣೆಗೆ ಹಚ್ಚುವ ಟಿಕಳಿಯ ಪಾಕೀಟು, ಪ್ಲಾಸ್ಟಿಕ್ ಮಲ್ಲಿಗೆಯ ಮಾಲೆ. ಅವಳು ಚೀಲವನ್ನು ಮೊದಲಿನ ಹಾಗೆ ಮುಚ್ಚಿಟ್ಟಳು. ಎಂಟು ವರ್ಷದಲ್ಲಿ ಅವಳಿಗೆ ಈ ಮನುಷ್ಯ ಒಂದು ಟಿಕಳಿ ಪಾಕೀಟು ತಂದವನಲ್ಲ, 'ಸಂತ್ಯಾಗ ನೀನೇ ತಗೋ' ಅನ್ನುವ ಗಿರಾಕಿ.

"ಇವು ಯಾರಿಗ್ರೀ?" ಅಂದಳು ಊಟಕ್ಕೆ ಕೂತಾಗ.

"ಬಂದವರಿಗೆ. ಕ್ಯಾಮೆರಾ ಮುಂದ ಮಾರಿ ಎಣ್ಣಿ ಎಣ್ಣಿ ಕಾಣಬಾರದು."

"ಬರೋರು ಯಾರು?"

"ಗಿರಾಕಿ ಬರ್ತಾರ. ನಿನಗ ಎಲ್ಲಾ ಬೇಕು ನೋಡು."

ಲಗ್ನದ ವಿಡಿಯೋ ಅಂದರೆ ಕ್ಯಾಮೆರಾ ಲಗ್ನದ ಮನೆಗೆ ಹೋಗಬೇಕು. ಲಗ್ನವೇ ಎದ್ದು ಕ್ಯಾಮೆರಾದ ಮನೆಗೆ ಬರುತ್ತದೆಯೇ? ಇದನ್ನವಳು ಪಕ್ಕದ ಮನೆಯ ಹೀರಾಬಿಯನ್ನು ಕೇಳಿದಳು. ಹೀರಾಬಿ ಓಣಿಗೆಲ್ಲ ಹೊಲಿಗೆ ಹಾಕುವವಳು, ಬಾಯಿಯೂ ಅವಳ ಹೊಲಿಗೆ ಯಂತ್ರದ ಹಾಗೆಯೇ ಓಡುತ್ತಿತ್ತು.

"ನೀನು ಭೋಳಿ, ಏನೂ ತಿಳಿಯದಾಕಿ ಇದ್ದೀಯವ್ವಾ. ಕಿಟಕಿ ಮುಚ್ಯಾನ, ಮೆತ್ತನ ಕೌದಿ ಹಾಕ್ಯಾನ, ನೀಲಿ ಪಡದಾ ಕಟ್ಯಾನ, ಕನ್ನಡಿ, ಪೌಡರ್, ಹೂವು. ಇನ್ನೇನು ಉಳೀತು, ಮಂಚ ಒಂದು! ನಮ್ಮ ದೂರದ ಚಿಕ್ಕಪ್ಪ ಎರಡನೇಕಿನ ತರೋವಾಗ ಇಷ್ಟೂ ಮಾಡಿದ್ದಿಲ್ಲ."

"ಹಂಗನಬ್ಯಾಡ ಯಕ್ಕಾ."

"ನಾ ಯಾಕಂತೀನಿ? ನನಗೇನು ಬರ್ತದ? ಹಿಂದಿನ ಬಾಗಿಲಿಗೆ ಎಣ್ಣಿ ಬಿಡಾಕತ್ತಿದ್ದ ನಿನ್ನೆ, ನೋಡೀಯೇನು? ಕಿರ್ರ್ ಅನ್ನಬಾರದಲ್ಲ."

ಎಣ್ಣೆ ಬಿಟ್ಟದ್ದನ್ನು ಶಿವಬಸಮ್ಮ ನೋಡಿರಲಿಲ್ಲ. ಹೋಗಿ ಬಾಗಿಲು ತೆರೆದು ಮುಚ್ಚಿ ನೋಡಿದಳು. ಬೆಣ್ಣೆ ಸವರಿದ ಹಾಗೆ ತಿರುಗಿತು.

ಇದರ ನಡುವೆ ಜಂಬಣ್ಣ ದೇವದುರ್ಗಕ್ಕೆ ಹೋಗಿ ಬರುವುದು ಬೇರೆ ಹೆಚ್ಚಾಯಿತು. ಕ್ಯಾಮೆರಾ, ಪೆಟ್ಟಿಗೆ ಎರಡನ್ನೂ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. 'ಲಗ್ನದ ಬುಕಿಂಗ್ ಅದ' ಅನ್ನುತ್ತಿದ್ದ. ಸರಿ, ಯಾರ ಲಗ್ನ? 'ಅಲ್ಲೇ ಒಬ್ಬರದು.' ಲಗ್ನಕ್ಕೆ ಹೋದವನು ಒಂದು ಲಾಡು ಕಟ್ಟಿಸಿಕೊಂಡು ಬರಲಿಲ್ಲ. ತಲೆಗೂದಲಲ್ಲಿ ಒಂದು ಅಕ್ಷತೆಯ ಕಾಳು ಇರಲಿಲ್ಲ. ಅಂಗಿಯ ಜೇಬಿನಲ್ಲಿ ಮಾತ್ರ ಅತ್ತೆ ಕೊಟ್ಟ ಅಡಿಕೆಯ ಪುಡಿ ಇತ್ತು. ಶಿವಬಸಮ್ಮ ಅಂಗಿ ಒಗೆಯುವ ಮೊದಲು ಜೇಬು ನೋಡುವುದು ಆಗಿನಿಂದ ರೂಢಿ ಮಾಡಿಕೊಂಡಳು. ಒಳ್ಳೆಯ ಮನೆತನದ ಹೆಣ್ಣು ಹೀಗೆ ಮಾಡಬಾರದು ಅಂತ ಅವಳಿಗೂ ಗೊತ್ತಿತ್ತು. ಗಂಡ ಒಳ್ಳೆಯವನಾಗಿದ್ದರೆ ಮಾಡುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಕೋಣೆ ಚೆನ್ನಾಗಿಯೇ ಆಗಿತ್ತು. ಡಾಲ್ಡಾ ಡಬ್ಬಿಗಳನ್ನು ಸೀಳಿ ಒಳಮೈ ಉಜ್ಜಿ, ಹೊಳೆಯುವ ಆ ತಗಡಿನ ನಡುವೆ ಐನೂರು ವ್ಯಾಟಿನ ಬಲ್ಬು ಕೂರಿಸಿ ದೀಪ ಮಾಡಿದ್ದ. ಬೆಳಕು ಕಣ್ಣಿಗೆ ಚುಚ್ಚದಂತೆ ಮುಂದೆ ಎಣ್ಣೆಕಾಗದ ಅಂಟಿಸಿದ್ದ. ಮುರಿದ ಛತ್ರಿಯ ಕೋಲಿಗೆ ಮೈಕು ಕಟ್ಟಿ ಸೂರಿಗೆ ತೂಗುಬಿಟ್ಟಿದ್ದ. ರಾಯಚೂರಿನ ಯಾವುದೋ ಹೋಟೆಲಿನವರು ಮಾರಿದ ಕಪ್ಪುಬಿಳುಪಿನ ಸಣ್ಣ ಟೀವಿ ಮೂಲೆಯಲ್ಲಿತ್ತು. ಕೈಯಲ್ಲಿ ಕಾಸಿಲ್ಲದವನ ಬುದ್ಧಿ ಹೇಗೆ ಓಡುತ್ತದೆ ನೋಡಬೇಕಾದರೆ ಆ ಕೋಣೆ ನೋಡಬೇಕಿತ್ತು. ಶಿವಬಸಮ್ಮನೂ ಬೇರೆ ಯಾರದೋ ಮನೆಯಲ್ಲಿ ನೋಡಿದ್ದರೆ ಭೇಷ್ ಅನ್ನುತ್ತಿದ್ದಳು.

ಆ ಹೆಣ್ಣು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಓಣಿಯೆಲ್ಲ ಮಲಗಿತ್ತು. ಜಂಬಣ್ಣ ಅಂಗಡಿ ಮುಚ್ಚಿ ಮನೆಗೆ ಬಂದು, 'ನೀ ಜರಾ ಅಡ್ಡಾಗು, ಬೆಳಗಿಂದ ದಣದೀದಿ' ಅಂದ. ಎಂಟು ವರ್ಷದಲ್ಲಿ ಮೊದಲ ಸಲ ಅವಳ ದಣಿವು ಅವನಿಗೆ ಕಂಡಿತ್ತು. ಶಿವಬಸಮ್ಮ ಚಾಪೆ ಹಾಸಿ, ಸೆರಗು ಮುಖಕ್ಕೆಳೆದುಕೊಂಡು ಮಲಗಿದಳು, ಕಣ್ಣು ಮುಚ್ಚಲಿಲ್ಲ. ಅವನು ಒಳಕೋಣೆಗೆ ಹೋಗಿ ಈ ಕಡೆಯ ಬಾಗಿಲಿಗೆ ಚಿಲಕ ಹಾಕಿದ. ಸ್ವಲ್ಪ ಹೊತ್ತಿಗೆ ಸಂದಿಯ ಕಡೆಯಿಂದ ಬಳೆಯ ಸಪ್ಪಳ.

ಅವಳು ಎದ್ದು ಬಾಗಿಲಿಗೆ ಕಿವಿ ಹಚ್ಚಿದಳು. ಕೌದಿ ಗೋಡೆಗಿತ್ತು, ಬಾಗಿಲಿಗಿರಲಿಲ್ಲ. ಕಾಸು ಉಳಿಸುವವರು ಮಾಡುವ ತಪ್ಪು ಇಂಥದೇ.

"ಉಂಡೀರೇನ್ರೀ?" ಹೆಣ್ಣಿನ ದನಿ, ಎಳೆಯದು, ಮೆತ್ತಗೆ. "ಬಿಸಲಾಗ ಭಾಳ ತಿರಗಬ್ಯಾಡ್ರಿ. ಮೊದಲೇ ನಿಮ್ಮದು ಉಷ್ಣದ ಮೈ."

ಶಿವಬಸಮ್ಮ ಬಾಗಿಲಿಗೆ ಇನ್ನೂ ಒತ್ತಿ ನಿಂತಳು. ಜಂಬಣ್ಣನದು ಉಷ್ಣದ ಮೈ. ಬೇಸಿಗೆ ಬಂದರೆ ಮೂಗಿನಲ್ಲಿ ರಕ್ತ ಸುರಿಯುತ್ತದೆ.

"ನೀವು ಮಗ್ಗಲ ಇಲ್ಲಂದ್ರ ನಿದ್ದಿ ಹತ್ತಂಗಿಲ್ಲರೀ. ಮಂದಿ ಏನರ ಅನ್ಲಿ. ನನ್ನನ್ನ ನಿಮ್ಮ ಹತ್ರ ಕರಕೊಂಡು ಬಿಡ್ರಿ. ಎಷ್ಟು ದಿನ ಅಂತ ಹಿಂಗ ದೂರ ಇರಬೇಕು?"

"ಹಂಗಲ್ಲ," ಇದು ಜಂಬಣ್ಣನ ದನಿ. "ಸ್ವಲ್ಪ ಹತ್ರ ಬಾ. ನಾಚಬ್ಯಾಡ. ಈ ಕಡೆ ನೋಡಿ ಇನ್ನೊಮ್ಮೆ ಅನ್ನು."

ಇನ್ನೇನು ಬೇಕು? ಊರಿನ ಹೆಂಗಸರು ಜಂಬಣ್ಣನನ್ನು 'ಯಣ್ಣಾ' ಅನ್ನುತ್ತಾರೆ, ಇಲ್ಲ 'ಜಂಬಣ್ಣಾರ' ಅನ್ನುತ್ತಾರೆ. ಹೆಸರು ಹೇಳದೆ, ಅಣ್ಣ ಅನ್ನದೆ, ಬರೀ 'ರೀ' ಅನ್ನುವವಳು ಈ ಸೀಮೆಯಲ್ಲಿ ಒಬ್ಬಳೇ, ಅವಳು ಹೆಂಡತಿ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಶಿವಬಸಮ್ಮ ತಾನೇ ಎಂಟು ವರ್ಷದಿಂದ ಅವನ ಹೆಸರೆತ್ತಿದವಳಲ್ಲ. ಈ ಒಳಗಿನವಳೂ ಎತ್ತುತ್ತಿಲ್ಲ! ಅಂದರೆ ಲಗ್ನವೇ ಆಗಿಹೋಗಿದೆಯೋ ಏನೋ. ಕಟ್ಟಳೆ ಬಿಟ್ಟು, ಹಿರಿಯರನ್ನು ಬಿಟ್ಟು, ತನ್ನ ಒಂದು ಮಾತೂ ಕೇಳದೆ.

ಮೂಲೆಯಲ್ಲಿದ್ದ ಒನಕೆ ಅವಳ ಕೈಗೆ ಹೇಗೆ ಬಂತೋ, ಚಿಲಕ ಎರಡೇ ಏಟಿಗೆ ಕಿತ್ತು ಬಂತು.

"ಯಾರಕಿ ಬೇ ನೀನು? ನನ್ನ ಮನ್ಯಾಗ, ನನ್ನ ಕೌದಿ ನಡುವ ಕುಂತು, ನನ್ನ ಗಂಡಗ ಉಂಡೀರೇನ್ರೀ ಅಂತೀಯೇನು? ನಿನ್ನ ಬಾಯಾಗ ಮಣ್ಣು ಹಾಕ!"

ದೀಪಗಳು ಭಗಭಗ ಉರಿಯುತ್ತಿದ್ದವು. ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಮುಖಕ್ಕೆ ಹಚ್ಚಿದ ಪೌಡರು ಬೆವರಿಗೂ ಕಣ್ಣೀರಿಗೂ ಕರಗಿ ಗೀರುಗೀರಾಗಿತ್ತು. ಅವಳಿಂದ ಮಾರು ದೂರದಲ್ಲಿ ಜಂಬಣ್ಣ ಕ್ಯಾಮೆರಾಕ್ಕೆ ಕಣ್ಣಿಟ್ಟು ಬಗ್ಗಿ ನಿಂತಿದ್ದವನು ಹಾಗೆಯೇ ಕಲ್ಲಾಗಿದ್ದ. ಹುಡುಗಿ ಜಂಬಣ್ಣನ ಕಡೆ ನೋಡುತ್ತಲೇ ಇರಲಿಲ್ಲ. ಕ್ಯಾಮೆರಾದ ಗಾಜನ್ನು ನೋಡುತ್ತಿದ್ದಳು.

"ಯವ್ವಾ, ಹೊಡೀಬ್ಯಾಡ್ರಿ," ಅಂತ ಎದ್ದು ನಿಂತು ಕೈ ಮುಗಿದಳು. "ನಾ ಕನಕಮ್ಮ. ಹಿರೇಕೊಟ್ನೆಕಲ್ಲಿನಕಿ. ನನ್ನ... ನಮ್ಮ ಮನ್ಯಾರು ಮಸ್ಕತ್ತಿನಾಗ ಗ್ವಾಡಿ ಕಟ್ಟೋ ಗೌಂಡಿ ಕೆಲಸಕ್ಕ ಹೋಗ್ಯಾರ. ಅವರಿಗೆ ಕಳಸಾಕ ಮಾತಾಡಾಕತ್ತಿದ್ದೆ."

ನಿಧಾನಕ್ಕೆ ಎಲ್ಲ ಹೊರಬಿತ್ತು. ಕನಕಮ್ಮನಿಗೆ ಓದು ಬರಹ ಬಾರದು. ಗಂಡನಿಗೆ ಕಾಗದ ಹಾಕಬೇಕಾದರೆ ಮಾವ ಹೇಳುತ್ತಾನೆ, ಮಾಸ್ತರರು ಬರೆಯುತ್ತಾರೆ. ಬಂದ ಕಾಗದವನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದಿಸುತ್ತಾರೆ. ಅದರಲ್ಲಿ ಹೆಂಡತಿಗೆ ಅಂತ ಇರುವುದು 'ಕನಕಿಯೂ ಕ್ಷೇಮ' ಅನ್ನುವ ಒಂದು ಸಾಲು. ಮಸ್ಕತ್ತಿನಲ್ಲಿ ಅವಳ ಗಂಡನಿರುವ ಕೋಣೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಯಂತ್ರವಿದೆ ಅಂತ ಅಮೀರ್ ಸಾಬ್ ಹೇಳಿದ್ದ. ಬರುವ ಶುಕ್ರವಾರ ಅವನು ತಿರುಗಿ ಹೋಗುವವನಿದ್ದ, ಒಯ್ದು ಕೊಡುತ್ತೇನೆ ಅಂದಿದ್ದ. ಮಾವನಿಗೆ ಗೊತ್ತಾದರೆ ಕಾಲು ಮುರಿಯುತ್ತಾನೆ, ಅದಕ್ಕೇ ಸಂತೆಗೆಂದು ಹೇಳಿ ಹಿಂದಿನ ಬಾಗಿಲಿಂದ ಬಂದಿದ್ದಳು. ತಾನು ಕೂಲಿ ಮಂದಿಯ ಹುಡುಗಿ, ಮುಂಬಾಗಿಲಿಂದ ಬಂದರೆ ಈ ಓಣಿ ಏನಂದೀತೋ ಅನ್ನುವ ಹೆದರಿಕೆಯೂ ಇತ್ತು, ಅದನ್ನವಳು ಬಾಯಿಬಿಟ್ಟು ಹೇಳಲಿಲ್ಲ.

ಶಿವಬಸಮ್ಮನ ಕೈಯಿಂದ ಒನಕೆ ಜಾರಿತು. ಓಣಿಯಿಂದ ಹೀರಾಬಿ ಕೂಗಿದಳು, "ಏನಾತು ಶಿವಬಸಮ್ಮಾ? ಬರಲೇನು?"

"ಏನಿಲ್ಲ ಯಕ್ಕಾ, ಹೆಗ್ಗಣ ಬಂದಿತ್ತು!"

ಈಗ ಜಂಬಣ್ಣನಿಗೆ ಬಾಯಿ ಬಂತು. ತಪ್ಪು ತನ್ನದಲ್ಲ ಅಂತ ಗೊತ್ತಾದ ಗಂಡಸಿನಷ್ಟು ದೊಡ್ಡ ದನಿ ಇನ್ನಾರಿಗೂ ಇರುವುದಿಲ್ಲ.

"ಎಂಟು ವರ್ಷ ಬಾಳೇವು ಮಾಡಿ ಇಷ್ಟೇ ಏನು ನಿನ್ನ ನಂಬಿಕಿ? ನನ್ನನ್ನ ಯಾಂವ ಅಂತ ತಿಳಕೊಂಡಿ? ಒಬ್ಬ ಬಡವಿಗೆ ಉಪಕಾರ ಮಾಡಾಕತ್ತೀನಿ. ನಿನ್ನ ತಲ್ಯಾಗ ಬರೀ ಹೊಲಸು. ಥೂ!"

"ತಪ್ಪಾತ್ರೀ," ಅಂದಳು ಶಿವಬಸಮ್ಮ. ಮನಸಾರೆ ಅಂದಳು. ಬಗ್ಗಿ ಅವನ ಕಾಲು ಮುಟ್ಟಿದಳು. ಅವನು ಕಾಲು ಹಿಂದಕ್ಕೆಳೆದುಕೊಂಡು, ಮುಖ ತಿರುಗಿಸಿ, ಪೆಟ್ಟಿಗೆಯ ಗುಂಡಿ ಒತ್ತಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಲು ಬಿಟ್ಟ. ಇವಳ ಬೈಗುಳವೆಲ್ಲ ಅದರಲ್ಲಿ ತುಂಬಿತ್ತು, ಅದರ ಮೇಲೆಯೇ ಹೊಸದಾಗಿ ತೆಗೆಯಬೇಕು.

ಶಿವಬಸಮ್ಮನಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿತ್ತು. ಬೇರೆ ಹೆಣ್ಣಿಲ್ಲ, ಹಾಗಾದರೆ ತನ್ನ ಮನೆ ತನಗಿದೆ. ಆ ಹಿಗ್ಗಿನಲ್ಲಿ ಕನಕಮ್ಮನ ಕೈ ಹಿಡಿದು ಹಿತ್ತಿಲಿಗೆ ಒಯ್ದು ಮುಖ ತೊಳೆಸಿದಳು, ನಿಂಬೆಹಣ್ಣಿನ ಪಾನಕ ಕುಡಿಸಿದಳು, ಹೆರಳು ಹಾಕಿದಳು. ಪ್ಲಾಸ್ಟಿಕ್ ಮಲ್ಲಿಗೆ ಒಗೆದು ಮನೆಯ ಮುಂದಿನ ಗಿಡದ ಕನಕಾಂಬರ ಮುಡಿಸಿದಳು. ಟಿಕಳಿ ಹಚ್ಚಿ ಗದ್ದ ಎತ್ತಿ ನೋಡಿದಳು.

"ಚಂದ ಕಾಣ್ತೀ. ಈಗ ಸಮಾಧಾನದಿಂದ ಮಾತಾಡು. ಎಷ್ಟ್ಹೊತ್ತರ ಆಗ್ಲಿ."

ಕನಕಮ್ಮ ಎರಡನೇ ಸಲ ಹೆದರಿಕೆಯಿಲ್ಲದೆ ಮಾತಾಡಿದಳು, ಮೊದಲಿಗಿಂತ ಉದ್ದ ಮಾತಾಡಿದಳು. ಎಮ್ಮೆ ಈದದ್ದು, ಮಾವನ ಸಿಟ್ಟು, ಗಂಡನ ಅಂಗಿಯನ್ನು ತಾನು ಒಗೆಯದೆ ಇಟ್ಟುಕೊಂಡಿರುವುದು, ಎಲ್ಲ ಹೇಳಿದಳು. 'ಈ ಸಲ ಬಂದ್ರ ತಿರಗಿ ಹೋಗಬ್ಯಾಡ್ರಿ' ಅಂದಾಗ ಶಿವಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಹ್ಯಾಂಗ ಕಾಣ್ತೀನಿ ನೋಡಬಹುದೇನ್ರೀ ಯಣ್ಣಾ?" ಅಂತ ಕನಕಮ್ಮ ಕೇಳಿದಳು.

ಜಂಬಣ್ಣ ಟೀವಿಗೆ ವೈರು ಸಿಕ್ಕಿಸಿ ಕ್ಯಾಸೆಟ್ ಹಚ್ಚಿದ. ಹೆಂಗಸರಿಬ್ಬರೂ ನೆಲದ ಮೇಲೆ ಕೂತರು. ಟೀವಿಯಲ್ಲಿ ಕನಕಮ್ಮ ಮಾತಾಡತೊಡಗಿದಾಗ ನಿಜವಾದ ಕನಕಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಿಸಿಲಿಗೂ ದೀಪದ ಝಳಕ್ಕೂ ತಲೆನೋವು ಬಂದಿದ್ದ ಜಂಬಣ್ಣ ಹಿತ್ತಿಲಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ಹೆಂಡತಿಯನ್ನು ಗೆದ್ದ ಸಮಾಧಾನದಲ್ಲಿ ಅವನಿಗೆ ಬೇರೇನೂ ನೆನಪಾಗಲಿಲ್ಲ.

ಕನಕಮ್ಮನ ಮಾತು ಮುಗಿಯಿತು. ಟೀವಿಯ ಮೇಲೆ ಗೆರೆಗಳು ಓಡಿದವು. ಆಮೇಲೆ ಚಿತ್ರ ಕುಣಿದು ಕುಣಿದು ನಿಂತಿತು.

ಹೊಸ ಕ್ಯಾಸೆಟ್ ದುಬಾರಿ. ಕೈ ಬಿಗಿ ಇದ್ದ ಜಂಬಣ್ಣ ಕೆಲಸ ತೀರಿದ ಕ್ಯಾಸೆಟ್ಟಿನ ಮೇಲೆಯೇ ಮುಂದಿನದನ್ನು ತೆಗೆಯುತ್ತಿದ್ದ. ಹೊಸದು ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಹಳೆಯದು ಹಾಗೆಯೇ ಉಳಿದಿರುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಟೀವಿಯಲ್ಲಿ ದೇವದುರ್ಗದ ಮನೆಯ ಪಡಸಾಲೆ ಕಂಡಿತು. ಶಿವಬಸಮ್ಮನಿಗೆ ಆ ಮಾಡು, ಆ ಕಂಬ, ಎಲ್ಲ ಗುರುತು. ಚಾಪೆಯ ಮೇಲೆ ಒಬ್ಬ ಹುಡುಗಿ ತಲೆತಗ್ಗಿಸಿ ಕೂತಿದ್ದಳು, ಜರಿಯ ಸೀರೆ, ಕೈತುಂಬ ಬಳೆ. ಪಕ್ಕದಲ್ಲಿ ಅತ್ತೆ ಬಸವಂತಮ್ಮ.

"ಮಾರಿ ಎತ್ತವ್ವಾ," ಅಂದಳು ಟೀವಿಯ ಅತ್ತೆ. "ನಮ್ಮ ತಮ್ಮ ರಾಯಚೂರಾಗ ಕುಂತು ನೋಡ್ತಾನ. ಅವಗ ನಡ್ಯಾಕ ಬರಂಗಿಲ್ಲ. ಸೋದರಮಾವ ಹೂಂ ಅನ್ನೋತನಕ ನಮ್ಮಲ್ಲಿ ಹೆಣ್ಣು ತರಂಗಿಲ್ಲ."

ಹುಡುಗಿ ಮುಖ ಎತ್ತಿದಳು. ಹೆದರಿದ ಕಣ್ಣು, ಇನ್ನೂ ಎಳೆಯ ಮುಖ. ಅವಳ ಹಿಂದೆ ನಿಂತಿದ್ದ ಒಬ್ಬ ಮನುಷ್ಯ, ಅವಳ ತಂದೆಯೇ ಇರಬೇಕು, ಕ್ಯಾಮೆರಾದ ಕಡೆ ನೋಡಿ ಕೇಳಿದ, "ಮೊದಲನೇಕಿ ಹೂಂ ಅಂದಾಳೇನ್ರೀ? ನಾಳೆ ಬಂದು ರಂಪ ಮಾಡಿಗೀಡ್ಯಾಳು."

ಕ್ಯಾಮೆರಾ ಹಿಡಿದವನ ದನಿ ಎಲ್ಲರ ದನಿಗಿಂತ ದೊಡ್ಡದಾಗಿ ಕೇಳಿತು, ಮೈಕಿನ ಹತ್ತಿರವೇ ಇದ್ದನಲ್ಲ.

"ಎಂದೋ ಅಂದಾಳ್ರೀ. ಅಕಿದೇನು ಹೆದರಿಕಿ ಇಟ್ಕೋಬ್ಯಾಡ್ರಿ. ಮನ್ಯಾಗ ಕೆಲಸಕ್ಕ ಒಂದು ಆಳು ಇದ್ದಂಗ ಇರ್ತಾಳ."

ಬಾಗಿಲಲ್ಲಿ ನೀರು ತೊಟ್ಟಿಕ್ಕುವ ಸಪ್ಪಳ. ತಲೆಗೆ ಟವೆಲ್ ಹಿಡಿದ ಜಂಬಣ್ಣ ನಿಂತಿದ್ದ. ಟೀವಿಯ ಕಡೆ ಹಾರಿದ. ಶಿವಬಸಮ್ಮ ಅದಕ್ಕೆ ಅಡ್ಡ ನಿಂತಳು.

"ಇರ್ಲಿ. ಮುಗೀಲಿ."

"ಅದು... ಅವ್ವನ ಕಾಟಕ್ಕ ಹೋಗಿದ್ದೆ. ಬರೀ ನೋಡಿ ಬಂದೀನಿ. ಏನೂ ಆಗಿಲ್ಲ. ರಾಯಚೂರಿನ ಮಾವ ಇನ್ನೂ ನೋಡೇ ಇಲ್ಲ..." ಇಷ್ಟು ಅಂದವನೇ ನಾಲಿಗೆ ಕಚ್ಚಿಕೊಂಡ. ಮಾವ ನೋಡಿರದಿದ್ದರೆ ಅದರ ಮೇಲೆ ಅವನು ಕನಕಮ್ಮನನ್ನು ತೆಗೆಯುತ್ತಿರಲಿಲ್ಲ. ನೋಡಿಯಾಗಿತ್ತು, ಒಪ್ಪಿಯಾಗಿತ್ತು, ಆ ಕ್ಯಾಸೆಟ್ಟಿನ ಕೆಲಸ ತೀರಿತ್ತು. ಉಳಿದದ್ದು ಹಿರಿಯರ ಮುಂದೆ ಶಿವಬಸಮ್ಮನಿಂದ ಹೂಂ ಅನ್ನಿಸುವುದೊಂದೇ.

ಅವಳಿಗೆ ಅಳು ಬರಲಿಲ್ಲ. ಸಂಶಯಪಟ್ಟ ದಿನಗಳಲ್ಲಿ ಎಷ್ಟು ಅತ್ತಿದ್ದಳೋ ಅಷ್ಟಕ್ಕೇ ಮುಗಿದಿತ್ತು. ಈಗ ಬಂದದ್ದು ಬೆಂಕಿಯಂಥ ಸಿಟ್ಟು. ಅವನು ಹೆಣ್ಣು ನೋಡಿದ್ದಕ್ಕಿಂತ, 'ಆಳು' ಅಂದಿದ್ದಕ್ಕಿಂತ, ಈಗ ತಾನೇ ಅವನ ಕಾಲು ಮುಟ್ಟಿ ತಪ್ಪಾತ್ರೀ ಅಂದೆನಲ್ಲ, ಅವನು ಆ ಕಾಲನ್ನು ಹಿಂದಕ್ಕೆಳೆದುಕೊಂಡನಲ್ಲ, ಅದು ಅವಳನ್ನು ಸುಟ್ಟಿತು.

ಅವಳು ಹೋಗಿ ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಳು. ಸೆರಗು ಸರಿ ಮಾಡಿಕೊಂಡಳು.

"ಲೈಟ್ ಹಚ್ರಿ."

"ಹುಚ್ಚು ಹಿಡಿದದೇನು?"

"ಹೊಸಾ ಕ್ಯಾಸೆಟ್ ಹಾಕ್ರಿ. ನಾನೂ ಮಾತಾಡಬೇಕು."

"ಇರೋದು ಒಂದೇ. ಸಾಹುಕಾರರ ಮನಿ ಲಗ್ನಕ್ಕ ತೆಗೆದಿಟ್ಟೀನಿ."

"ಅದನ್ನೇ ಹಾಕ್ರಿ."

ಜಂಬಣ್ಣ ಕದಲಲಿಲ್ಲ. ಆಗ ಇಷ್ಟು ಹೊತ್ತು ನೆಲ ನೋಡುತ್ತಿದ್ದ ಕನಕಮ್ಮ ಎದ್ದಳು. "ಹಚ್ರಿ ಯಣ್ಣಾ," ಅಂದಳು ಮೆತ್ತಗೆ. "ಇಲ್ಲಂದ್ರ ನಾ ಹೊರಗ ಹೋಗಿ ಆಗಲೇ ಕೂಗಿದ ಆ ಯಕ್ಕನ್ನ ಕರೀತೀನಿ. ಅಕಿ ಬಂದ್ರ ಓಣಿ ಬರ್ತದ. ಟೀವಿ ಎಲ್ಲಾರೂ ನೋಡ್ತಾರ."

ಜಂಬಣ್ಣ ಅವಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೊಸ ಕ್ಯಾಸೆಟ್ಟಿನ ಹೊದಿಕೆ ಹರಿದು ಪೆಟ್ಟಿಗೆಗೆ ಹಾಕಿದ. ದೀಪ ಹಚ್ಚಿದ. ಡಾಲ್ಡಾ ಡಬ್ಬಿಯ ಬೆಳಕು ಶಿವಬಸಮ್ಮನ ಮುಖಕ್ಕೆ ಬಡಿಯಿತು. ಅವಳು ಕಣ್ಣು ಮುಚ್ಚಲಿಲ್ಲ. ಕ್ಯಾಮೆರಾಕ್ಕೆ ಕಣ್ಣಿಟ್ಟು ಅವಳ ಮುಖ ಸ್ಪಷ್ಟವಾಗುವತನಕ ಅವನು ನೋಡಲೇಬೇಕಾಯಿತು. ಹಾಗೆ ಅವಳ ಮುಖವನ್ನು ಅವನು ನೋಡಿ ಬಹಳ ದಿನಗಳಾಗಿದ್ದವು.

"ತಂಗೀ," ಅಂದಳು ಶಿವಬಸಮ್ಮ ಕ್ಯಾಮೆರಾದ ಗಾಜಿಗೆ. "ನಿನ್ನ ಹೆಸರು ನನಗ ಗೊತ್ತಿಲ್ಲ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಮೊದಲನೇಕಿ ಹೂಂ ಅಂದಾಳೇನು ಅಂತ ನಿಮ್ಮಪ್ಪ ಕೇಳಿದ. ಆ ಮೊದಲನೇಕಿ ನಾನು. ನಾ ಹೂಂ ಅಂದಿಲ್ಲ. ಇವತ್ತೂ ಅನ್ನಂಗಿಲ್ಲ, ನಾಳೇನೂ ಅನ್ನಂಗಿಲ್ಲ. ಯಾವ ಹಿರೇರ ಮುಂದ ಕುಂದ್ರಿಸಿದ್ರೂ ಅನ್ನಂಗಿಲ್ಲ. ನಿನಗ ಸುಳ್ಳು ಹೇಳಿದವ ನನಗೂ ಸುಳ್ಳು ಹೇಳ್ಯಾನ. ಇಂಥವನ ಮನಿಗೆ ಬರೂದು ಬಿಡೂದು ನಿನಗ ಬಿಟ್ಟದ್ದು. ಈ ಕ್ಯಾಸೆಟ್ ನಿನಗ ಮುಟ್ಟಲಿಲ್ಲಂದ್ರ ನಾನೇ ಬಸ್ ಹತ್ತಿ ದೇವದುರ್ಗಕ್ಕ ಬರ್ತೀನಿ."

ಬೆವರು ಹಣೆಯಿಂದ ಕೆನ್ನೆಗಿಳಿಯಿತು, ಒರೆಸಿಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿ ಕ್ಯಾಸೆಟ್ ತಿರುಗುವ ಸಣ್ಣ ಸಪ್ಪಳ ಮಾತ್ರ ಕೇಳುತ್ತಿತ್ತು.

ಜಂಬಣ್ಣ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತದೆ ಕೇಳಿದ, "ಆತೇನು?"

"ಅಕಿ ಜೋಡಿ ಆತು," ಅಂದಳು ಶಿವಬಸಮ್ಮ. "ಬಂದ್ ಮಾಡಬ್ಯಾಡ್ರಿ. ಇನ್ನ ನಿಮ್ಮ ಜೋಡಿ ಮಾತಾಡೋದದ."